ಕುರುಬನ ಕೋಲು, ಕೇಡಗಾಂವ್‌ನ ದಾರಿ

ಯುವ ಮಿತ್ರರೇ, ದೀಪಾವಳಿ ಮುಗಿದ ಮೇಲೆ ಪುಣೆಯ ಹೊರವಲಯದ ರಸ್ತೆಗಳಲ್ಲಿ ಧನಗರರ ಕುರಿಮಂದೆ ನಿಮಗೆ ಎದುರಾಗಬಹುದು. ತಲೆಗೆ ಕೆಂಪು ಪಗಡಿ, ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ನಮ್ಮ ಕಡೆಯ ಕುರುಬರಂತೆಯೇ. ಹಾರ್ನ್ ಒತ್ತಬೇಡಿ, ಸ್ವಲ್ಪ ನಿಂತು ನೋಡಿ.

ಯೇಸುವು ತನ್ನನ್ನು ಒಳ್ಳೆಯ ಕುರುಬನೆಂದು ಕರೆದುಕೊಂಡದ್ದು ಇಂಥ ಬದುಕನ್ನು ಕಂಡೇ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ತಪ್ಪಿಹೋದ ಒಂದನ್ನು ಹುಡುಕಿ ಹೊರಟವನ ಕಥೆ ಲೂಕನ ಸುವಾರ್ತೆಯಲ್ಲಿದೆ. ಪಾದ್ರಿಗಳನ್ನು ಪಾಸ್ಟರ್ ಎನ್ನುತ್ತಾರಲ್ಲ, ಆ ಲ್ಯಾಟಿನ್ ಪದದ ಅರ್ಥವೂ ಕುರುಬನೇ. ಬಿಷಪ್ಪರು ಹಿಡಿಯುವ ಬಾಗಿದ ಕೋಲೂ ಕುರುಬನದೇ.

ಈ ಮಾತು ಕೃತಿಗಿಳಿದ ಜಾಗ ನೋಡಬೇಕೆ? ದೌಂಡ್ ಕಡೆಯ ರೈಲು ಹತ್ತಿ ಕೇಡಗಾಂವ್‌ನಲ್ಲಿ ಇಳಿಯಿರಿ. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಪುಣೆಯ ಹಲವರು ಅವರನ್ನು ಕಟುವಾಗಿ ಟೀಕಿಸಿದರು. ಆದರೂ 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ, ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಹುಡುಕಿ ಕರೆತಂದರು. ತಾವೇ ಹಸಿದು ಅಲೆದವರಿಗೆ ಆ ಮಕ್ಕಳ ಮುಖ ಅಪರಿಚಿತವಾಗಿರಲಿಲ್ಲ.

ಯಾವ ಧರ್ಮದವರಾದರೂ ನಾವು ಕಲಿಯಬೇಕಾದ್ದು ಇಲ್ಲಿದೆ. ಸಂಘದ ಸಭೆಗಳಲ್ಲಿ ನಾವು ಬಂದವರನ್ನು ಎಣಿಸುತ್ತೇವೆ. ಕುರುಬನು ಬಾರದವರನ್ನು ಎಣಿಸುತ್ತಾನೆ. ಈ ಸಲ ಯುಗಾದಿಗೆ ಮೊದಲು, ಬರುವುದನ್ನೇ ಬಿಟ್ಟಿರುವ ಒಬ್ಬರ ಮನೆಗೆ ಹೋಗಿ ಬನ್ನಿ. ಕನ್ನಡ ತಡವರಿಸಿದರೂ ಚಿಂತೆಯಿಲ್ಲ.