ಸಿಟ್ಟಿನ ಶುಗರ್ ಎಷ್ಟು?

ಸಕ್ಕರೆ ಕಾಯಿಲೆಯವರು ಏನೇನು ಬಿಡಬೇಕೆಂದು ಪಟ್ಟಿ ಮಾಡುವವರು ಮೈಸೂರು ಪಾಕು, ಹೋಳಿಗೆ, ಧಾರವಾಡ ಪೇಡ ಎಂದು ನಿಟ್ಟುಸಿರು ಬಿಡುತ್ತಾರೆ. ಅವೆಲ್ಲ ಹೋಗಲಿ, ಹಬ್ಬಕ್ಕೊಂದು ಚೂರು ಹೇಗೋ ಬಾಯಿಗೆ ಬೀಳುತ್ತದೆ. ಮರ್ಯಾದೆಯಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಹೋಯಿತಲ್ಲ, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮಪ್ಪನಿಗೂ ಸಿಟ್ಟಿತ್ತು. ಜಗಲಿಯಲ್ಲಿ ಚಪ್ಪಲಿ ಬಿಡುವ ಸದ್ದಿಗೇ ನಮಗೆಲ್ಲ ಗೊತ್ತಾಗುತ್ತಿತ್ತು. ರೇಡಿಯೋ ಸಣ್ಣಗಾಗುತ್ತಿತ್ತು, ಅಮ್ಮ ಒಗ್ಗರಣೆಯನ್ನೂ ಮೆಲ್ಲಗೆ ಹಾಕುತ್ತಿದ್ದಳು. ಯಾರಿಂದ ಏನು ತಪ್ಪಾಯಿತೆಂದು ಮನೆಮಂದಿಯೆಲ್ಲ ಕೂತು ಯೋಚಿಸುತ್ತಿದ್ದೆವು. ಈಗ ನನಗೆ ಸಿಟ್ಟು ಬಂದರೆ ಮಗಳು ಗ್ಲೂಕೋಮೀಟರ್ ತರುತ್ತಾಳೆ. "ಅಪ್ಪಾ, ಬೆರಳು ಕೊಡು."

ಮೊನ್ನೆ ನಮ್ಮ ಬೀದಿಯಲ್ಲಿ ಹೊಸದಾಗಿ ಹಾಕಿದ ಡಾಂಬರನ್ನು ಮತ್ತೆ ಅಗೆಯುತ್ತಿದ್ದರು. ರೇಗಿದೆ. ರೇಗದೆ ಇನ್ನೇನು? ಹಾರೆ ಹಿಡಿದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮಪ್ಪಂಗೂ ಶುಗರ್ರು ಸಾ, ಹಿಂಗೇ ಆಡ್ತಾರೆ. ತಿಂಡಿ ಆಯ್ತಾ?" ಎಂದ. ಅವನ ಕಕ್ಕುಲತೆಯ ಮುಂದೆ ನನ್ನ ನ್ಯಾಯ ನಿಲ್ಲಲಿಲ್ಲ.

ಅವನದು ಪೂರಾ ಸುಳ್ಳೂ ಅಲ್ಲ, ಸಂಕಟ ಇರುವುದೇ ಅಲ್ಲಿ. ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಆಗ ಬೆವರು, ನಡುಕ, ಜೊತೆಗೆ ಕಂಡವರ ಮೇಲೆಲ್ಲ ಹರಿಹಾಯುವ ಬುದ್ಧಿ. ಇನ್ನು ನಿಜವಾದ ಕಾರಣಕ್ಕೇ ಸಿಟ್ಟು ಬಂದಿತೆನ್ನಿ, ಅಡ್ರಿನಲಿನ್ ಉಕ್ಕಿ, ಪಿತ್ತಜನಕಾಂಗ ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಹೊಡೆದಾಟಕ್ಕೆಂದು ಕಟ್ಟಿಕೊಟ್ಟ ಬುತ್ತಿ ಅದು. ಹೊಡೆದಾಟವೇ ನಡೆಯುವುದಿಲ್ಲ; ನಾನು ಸೋಫಾದಲ್ಲಿ ಕೂತು ಟಿವಿಯವರ ಮೇಲೆ ಹಲ್ಲು ಕಡಿಯುತ್ತಿರುತ್ತೇನೆ. ಬುತ್ತಿ ರಕ್ತದಲ್ಲೇ ಉಳಿಯುತ್ತದೆ. ಮೀಟರು ಕಡಿಮೆ ತೋರಿಸಿದರೆ "ನೋಡಿ, ಅದಕ್ಕೇ ಸಿಟ್ಟು." ಜಾಸ್ತಿ ತೋರಿಸಿದರೆ "ನೋಡಿ, ಸಿಟ್ಟು ಮಾಡಿಕೊಂಡು ಏರಿಸಿಕೊಂಡಿರಿ." ಸರಿಯಾಗಿದ್ದರೆ "ಮತ್ಯಾಕೆ ಸಿಟ್ಟು?"

ನಿಜ ಹೇಳಬೇಕೆಂದರೆ ನನ್ನ ದೊಡ್ಡ ಸಿಟ್ಟು ಈ ಕಾಯಿಲೆಯ ಮೇಲೆಯೇ. ಆದರೆ ಅದಕ್ಕೊಂದು ವಿಳಾಸವಿಲ್ಲ. ವಂಶಪಾರಂಪರ್ಯ ಎಂದರೆ ಸತ್ತ ಅಜ್ಜಿಯ ಮೇಲೆ ರೇಗಬೇಕು, ಅನ್ನ ಹೆಚ್ಚಾಯಿತು ಎಂದರೆ ತುತ್ತಿಟ್ಟು ಸಾಕಿದವಳ ಮೇಲೆ. ಊರಿನ ಮೇಲೆ ರೇಗೋಣವೆಂದರೆ ನಾನು ಮಂಡ್ಯದವನು. 1933ರಿಂದ ಸಕ್ಕರೆ ಕಾರ್ಖಾನೆ ಇಟ್ಟುಕೊಂಡು, ಸಕ್ಕರೆ ನಾಡೆಂದು ಬೀಗುವ ಊರದು. "ನನಗೇ ಯಾಕೆ?" ಎಂದು ಕೇಳಲೂ ನಾಚಿಕೆ: ಐಸಿಎಂಆರ್ ಸಹಯೋಗದ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳನ್ನು 10 ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿತು. ಇಷ್ಟು ಉದ್ದದ ಸಾಲಿನಲ್ಲಿ ನಿಂತವನು ಯಾವ ಬಾಯಿಂದ ಕೇಳಬೇಕು?

ಮೆಂತ್ಯ, ಹಾಗಲಕಾಯಿ, ನೇರಳೆ ಬೀಜ ಎಂದು ಹೇಳುವವರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ, ಸಕ್ಕರೆ ಏರುತ್ತದೆ.

ಸಿಟ್ಟು ಬಂದಾಗ ಈಗ ನಡೆಯಲು ಹೊರಡುತ್ತೇನೆ. ಸ್ನಾಯುಗಳು ದುಡಿದರೆ ಆ ಬುತ್ತಿ ಖರ್ಚಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಖರ್ಚಾಗುವುದೂ ಹೌದು. ಒಮ್ಮೊಮ್ಮೆ ಸಿಟ್ಟು ಇಳಿಯದಿರಲಿ ಎಂದು ನಿಧಾನವಾಗಿ ನಡೆಯುವುದೂ ಉಂಟು. ಅಪ್ಪನಿಂದ ಬಂದ ಆಸ್ತಿಯಲ್ಲಿ ಉಳಿದಿರುವುದು ಅದೊಂದೇ ನೋಡಿ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಾರು. ಅವರು ರೇಗಿದಾಗ ಮೀಟರ್ ತನ್ನಿ, ಬೇಡವೆನ್ನುವುದಿಲ್ಲ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ, ಅಂದರೆ ಸುಮಾರು ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಅದಕ್ಕಿಂತ ಮೇಲಿದ್ದರೆ, ದಯವಿಟ್ಟು, ಸಿಟ್ಟು ಯಾಕೆ ಬಂತೆಂದು ಅವರನ್ನೇ ಒಂದು ಮಾತು ಕೇಳಿ.