ಉಪ್ಪು ಆವಿಯಾಗುವುದಿಲ್ಲ

ಬಂಗಾರಪೇಟೆಯಲ್ಲಿ ಕವಲೊಡೆಯುವ ಪುಟ್ಟ ರೈಲು ಮಾರ್ಗದಲ್ಲಿ, ಕಡೆಯ ನಿಲ್ದಾಣವಾದ ಮಾರಿಕುಪ್ಪಂಗೆ ಒಂದು ನಿಲ್ದಾಣ ಹಿಂದೆ, ‘ಚಾಂಪಿಯನ್’ ಎಂಬ ಹಲಗೆ ಕಾಣುತ್ತದೆ. ಊರಿನ ಹೆಸರು ಚಾಂಪಿಯನ್ ರೀಫ್ಸ್. ರೀಫ್ ಎಂದರೆ ಕಡಲಿನೊಳಗಿನ ಹವಳದ ದಿಬ್ಬವೆಂದು ಶಾಲೆಯಲ್ಲಿ ಕಲಿತು ಬಂದವರು, ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದ ಈ ಒಣಸೀಮೆಯಲ್ಲಿ ನಿಂತು ಕಡಲನ್ನು ಹುಡುಕಿದರೆ ಅವರನ್ನು ತಪ್ಪೆನ್ನಲಾಗದು. ಇಲ್ಲಿಯ ರೀಫ್ ಬೇರೆ. ಗಣಿಗಾರರ ಭಾಷೆಯಲ್ಲಿ ಅದು ಚಿನ್ನವನ್ನು ಗರ್ಭದಲ್ಲಿಟ್ಟುಕೊಂಡ ಬೆಣಚುಕಲ್ಲಿನ ಎಳೆ. ಆ ಎಳೆಯ ಬೆನ್ನು ಹತ್ತಿ ಮನುಷ್ಯರು ಹತ್ತು ಸಾವಿರ ಅಡಿಗೂ ಮಿಗಿಲಾದ ಆಳಕ್ಕೆ ಇಳಿದರು. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿಯೂ ಆಮೇಲೆ ಸರ್ಕಾರದ ಕೈಯಲ್ಲಿಯೂ ಗಣಿಗಳು ನಡೆದು, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದುವು.

ಈ ಊರಿನ ಹಳೆಯ ವಸತಿಸಾಲಿನ ಒಂದು ಮನೆಯಲ್ಲಿ ಎರಡನೆಯ ಬಗೆಯ ರೀಫನ್ನೂ ಕಟ್ಟಲು ಹೊರಟವರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು. ಗಣಿಯ ವಿದ್ಯುತ್ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು, ಗಣಿ ಮುಚ್ಚಿದ ಮೇಲೆ ಊರಿನ ಸಾವಿರಾರು ಜನರಂತೆ ಮುಂಜಾವಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ಬಾಳನ್ನು ಹತ್ತು ವರ್ಷ ಬಾಳಿದವರು. ಅಂಥವರಿಗೆ ಉಪ್ಪುನೀರಿನ ಮೀನಿನ ಹುಚ್ಚು ಎಲ್ಲಿಂದ ಹತ್ತಿತೆಂದು ಕೇಳಿದರೆ, ಎಳವೆಯಲ್ಲಿ ಮುಂಬಯಿಗೆ ಹೋಗಿದ್ದಾಗ ತಾರಾಪೊರೆವಾಲಾ ಅಕ್ವೇರಿಯಮ್ಮಿನ ಗಾಜಿನ ಮುಂದೆ ನಿಂತದ್ದನ್ನು ಹೇಳುತ್ತಾರೆ. 1951ರಲ್ಲಿ ತೆರೆದ ಆ ಮತ್ಸ್ಯಾಲಯವು ಎಷ್ಟು ಮಕ್ಕಳ ನಿದ್ದೆ ಕೆಡಿಸಿತೋ ಲೆಕ್ಕವಿಲ್ಲ.

ಅವರ ಮೊದಲ ತೊಟ್ಟಿ ನಾಲ್ಕಡಿ ಉದ್ದದ್ದು, ಇನ್ನೂರು ಲೀಟರಿನದು. 1995ರ ಸುಮಾರಿಗೆ ನಡುಮನೆಯ ಒಂದು ಗೋಡೆಯನ್ನೆಲ್ಲ ಅದು ಆಕ್ರಮಿಸಿತು. ಸಮುದ್ರದ ನೀರು ಮದರಾಸಿನಿಂದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ರೈಲೇರಿ ಬರುತ್ತಿತ್ತು. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸುವಾಗ ಕೂಲಿಯವನು, ‘ಏನು ಸ್ವಾಮಿ, ಗಂಗಾಜಲವೇ?’ ಎಂದು ಕೇಳಿದನಂತೆ. ಕಿತ್ತಳೆ ಮೈಗೆ ಬಿಳಿಯ ಪಟ್ಟೆಗಳ ಎರಡು ಕ್ಲೌನ್ ಮೀನು, ಒಂದು ನೀಲಿಯ ಡ್ಯಾಮ್ಸೆಲ್, ಹೂವಿನಂತೆ ಅರಳಿ ಮುದುಡುವ ಒಂದು ಕಡಲ ಅನಿಮೋನೆ, ಇಷ್ಟೇ ಸಂಸಾರ. ಸಂಜೆ ನೆರೆಹೊರೆಯ ಮಕ್ಕಳು ಸಾಲಾಗಿ ಕುಳಿತು ನೋಡುತ್ತಿದ್ದರು. ಮನೆಯಾಕೆ ಅವರಿಗೆ ಕಡಲೆಪುರಿ ಕೊಡುತ್ತಿದ್ದರು. ಮಕ್ಕಳು ಬಂದದ್ದು ಮೀನಿಗೋ ಪುರಿಗೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

1997ರ ಬೇಸಿಗೆಯಲ್ಲಿ ಯಜಮಾನರ ತಾಯಿಗೆ ಕಾಯಿಲೆ ಬಲಿತು, ಅವರು ಒಂದು ತಿಂಗಳು ಊರಿಗೆ ಹೋಗಬೇಕಾಯಿತು. ಆ ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಎರಡು ಲೀಟರಿನಷ್ಟು ಆರುತ್ತಿತ್ತು. ನಲ್ಲಿಯ ನೀರಿನ ಕ್ಲೋರಿನ್ನನ್ನು ಕಳೆದು ಹಾಕುವ ಕ್ರಮ ಹೆಂಡತಿಗೆ ತೊಡಕಾದೀತೆಂದು ಬಗೆದು, ಅವಸರದಲ್ಲಿ ಒಂದು ಪೀಪಾಯಿಯ ತುಂಬ ಸಮುದ್ರದ ನೀರನ್ನೇ ಇಟ್ಟು, ‘ದಿನವೂ ಬೆಳಿಗ್ಗೆ ಎರಡು ಲೀಟರು ಹಾಕುತ್ತಿರು, ಮರೆಯಬೇಡ’ ಎಂದು ಹೇಳಿ ಹೊರಟರು. ಆಕೆ ಒಂದು ದಿನವೂ ಮರೆಯಲಿಲ್ಲ.

ತಿಂಗಳು ತುಂಬುವ ಹಿಂದಿನ ರಾತ್ರಿ ವಿದ್ಯುತ್ ಹೋಯಿತು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು ದೇಶಕ್ಕೆಲ್ಲ ಮೇಲ್ಪಂಕ್ತಿ ಹಾಕಿದ ಊರು ಇದೇ. ಆದರೆ ಆ ಹೆಮ್ಮೆಯಿಂದ ಪಂಪು ತಿರುಗುವುದಿಲ್ಲ. ಗಾಳಿಯ ಗುಳ್ಳೆಗಳು ನಿಂತವು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಗೃಹಿಣಿ ಒಂದು ಚೊಂಬನ್ನು ತೆಗೆದುಕೊಂಡು ತೊಟ್ಟಿಯ ನೀರನ್ನು ಎತ್ತಿ ಎತ್ತಿ ಹೊಯ್ಯುತ್ತ ಕುಳಿತರು. ಗಾಳಿ ಬೆರೆಯಲಿ ಎಂಬುದು ಉದ್ದೇಶ. ಯಾರೂ ಕಲಿಸಿದ್ದಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ಕೊಂಡೊಯ್ದಳು. ‘ಅಕ್ವೇರಿಯಂ’ ಎಂಬ ಮಾತನ್ನು ಫಿಲಿಪ್ ಗಾಸ್ 1854ರ ತನ್ನ ಪುಸ್ತಕದಿಂದ ಮನೆಮಾತಾಗಿಸುವುದಕ್ಕೆ ಎಂಟು ವರ್ಷ ಮೊದಲಿನ ಮಾತಿದು. ಪಂಪುಗಳಿಲ್ಲದ ಆ ಕಾಲದಲ್ಲಿ ಆಕೆಯ ಮನೆಯ ಕೆಲಸದವಳು ದಿನವೂ ಅರ್ಧ ಮುಕ್ಕಾಲು ಗಂಟೆ, ತೆರೆದ ಕಿಟಕಿಯ ಮುಂದೆ ನಿಂತು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯುತ್ತಿದ್ದಳು. ಹವಳಗಳು ಬದುಕಿದವು. ಥಿನ್ ಅವರ ಹೆಸರು ಈ ಹವ್ಯಾಸದ ಚರಿತ್ರೆಯಲ್ಲಿ ಉಳಿಯಿತು. ಕೆಲಸದವಳ ತೋಳುನೋವಿಗೆ ಅಷ್ಟು ಪ್ರಸಿದ್ಧಿ ದೊರೆಯಲಿಲ್ಲ.

ಚಾಂಪಿಯನ್ ರೀಫ್ಸಿನ ಗೃಹಿಣಿ ಅರ್ಧ ಗಂಟೆಯಲ್ಲ, ಐದು ಗಂಟೆ ಹೊಯ್ದರು. ಬೆಳಗಿನ ಜಾವ ಮೂರಕ್ಕೆ ಗೋಡೆಗೆ ಒರಗಿದವರಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು, ತೊಟ್ಟಿಯಲ್ಲಿ ಮೂರು ಮೀನುಗಳೂ ಬುಡಮೇಲು.

ಯಜಮಾನರು ಮರುದಿನ ಬಂದರು. ಹೆಂಡತಿ ಅತ್ತುಕೊಂಡು, ‘ನಾನು ನಿದ್ದೆ ಮಾಡಿಬಿಟ್ಟೆ’ ಎಂದರು. ಅವರು ಸಮಾಧಾನ ಹೇಳಿ, ಅಭ್ಯಾಸಬಲದಿಂದ ಹೈಡ್ರೋಮೀಟರನ್ನು ನೀರಿಗೆ ಬಿಟ್ಟರು. 1.025ರ ಬಳಿ ನಿಲ್ಲಬೇಕಾದ ಕಡ್ಡಿ 1.034ರ ಬಳಿ ನಿಂತಿತು. ಅವರಿಗೆ ಆ ಗಳಿಗೆಯಲ್ಲಿಯೇ ಎಲ್ಲವೂ ಅರ್ಥವಾಯಿತು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆರಿದ್ದು ಬರಿಯ ನೀರು, ತುಂಬಿದ್ದು ಉಪ್ಪುನೀರು. ಲೀಟರಿಗೆ 35 ಗ್ರಾಮಿನಂತೆ ದಿನಕ್ಕೆ 70 ಗ್ರಾಂ ಉಪ್ಪು ಹೆಚ್ಚುತ್ತ ಹೋಗಿ, ಏಳು ಕಿಲೋ ಉಪ್ಪಿದ್ದ ತೊಟ್ಟಿಯಲ್ಲಿ ತಿಂಗಳ ಕೊನೆಗೆ ಒಂಬತ್ತು ಕಿಲೋಗೂ ಮಿಕ್ಕಿ ಸೇರಿತ್ತು. ಉಪ್ಪು ಹೆಚ್ಚಿದಷ್ಟೂ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಸರಿಯಾದ ನೀರಾಗಿದ್ದರೆ ಆಕೆಯ ಚೊಂಬು ಆ ರಾತ್ರಿಯನ್ನು ದಾಟಿಸುತ್ತಿತ್ತೋ ಏನೋ. ಆಕೆ ನಿಷ್ಠೆಯಿಂದ ನಡೆಸಿದ ಒಂದೊಂದು ಬೆಳಗಿನ ಕೆಲಸವೂ ಮೀನುಗಳನ್ನು ಸಾವಿನ ಕಡೆಗೆ ಒಂದೊಂದು ಹೆಜ್ಜೆ ನಡೆಸಿತ್ತು. ಹಾಗೆ ನಡೆಸಲು ಹೇಳಿದವರು ಯಜಮಾನರು.

ಅವರು ಹೈಡ್ರೋಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಬಾಯಿ ಬಿಡಲಿಲ್ಲ. ‘ಹೋಗಲಿ ಬಿಡು, ನಿದ್ದೆ ಯಾರಿಗೆ ಬರುವುದಿಲ್ಲ’ ಎಂದರು. ಔದಾರ್ಯದಂತೆ ಕಾಣುವ ಮಾತು. ಸುಳ್ಳಿಗಿಂತ ಎಷ್ಟೋ ಕೆಟ್ಟದ್ದು.

ತೊಟ್ಟಿಯನ್ನು ಮಾರಿದ್ದಾಯಿತು. ವರ್ಷಗಳು ಸರಿದವು. ಆ ರಾತ್ರಿಯ ಒಂದು ಗುರುತು ಮಾತ್ರ ಮನೆಯಲ್ಲಿ ನಿಂತುಹೋಯಿತು: ಯಾವ ಹೊತ್ತಿನಲ್ಲಿ ವಿದ್ಯುತ್ ಹೋದರೂ ಆಕೆಗೆ ಥಟ್ಟನೆ ಎಚ್ಚರವಾಗುತ್ತಿತ್ತು. ಎದ್ದು ಕುಳಿತು, ಏನೋ ಮಾಡಬೇಕಾಗಿದೆಯೆಂಬಂತೆ ಕತ್ತಲಲ್ಲಿ ಸ್ವಲ್ಪ ಹೊತ್ತು ನೋಡಿ, ಮತ್ತೆ ಮಲಗುತ್ತಿದ್ದರು.

2024ರಲ್ಲಿ ಹಳೆಯ ಹುಚ್ಚು ಮರುಕಳಿಸಿತು. ಯಜಮಾನರು ಅಳುಕುತ್ತ ವಿಷಯ ಎತ್ತಿದಾಗ ಆಕೆ ಎರಡು ಕರಾರು ಹಾಕಿದರು. ತೊಟ್ಟಿ ತಮ್ಮ ಹೊಲಿಗೆಯಂತ್ರದ ಮೇಜಿಗಿಂತ ದೊಡ್ಡದಾಗಿರಕೂಡದು. ಅದರ ಹೊಣೆ ಎಂದೂ ತಮ್ಮ ಮೇಲೆ ಬೀಳಕೂಡದು. ಹೀಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಪೆಟ್ಟಿಗೆ ಮನೆಗೆ ಬಂದಿತು. ಕಲ್ಲು ಹೋಗಿ ಸುಮಾರು ಮೂವತ್ತೈದು ಲೀಟರ್ ನೀರು ಹಿಡಿಯಿತು.

ಚಿಕ್ಕ ತೊಟ್ಟಿ ಎಂದರೆ ಚಿಕ್ಕ ತೊಂದರೆ ಎಂದು ತಿಳಿದವರು ಮೋಸ ಹೋಗುತ್ತಾರೆ. ದೊಡ್ಡ ತೊಟ್ಟಿ ತಪ್ಪನ್ನು ಒಂದು ತಿಂಗಳು ಸಹಿಸೀತು. ಚಿಕ್ಕದು ಒಂದು ವಾರ ಸಹಿಸಿದರೆ ಹೆಚ್ಚು. ದಿನಕ್ಕೆ ಅರ್ಧ ಲೀಟರ್ ಆರಿದರೂ ಏಳು ದಿನಕ್ಕೆ 35ರ ಉಪ್ಪು 39ಕ್ಕೆ ಏರುತ್ತದೆ. ಆದರೆ ಕಾಲವೂ ಬದಲಾಗಿದೆ. ಈಗ ಸಮುದ್ರವು ಪುಡಿಯ ರೂಪದಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಶೋಧಿಸಿದ ನೀರಿಗೆ ಒಂದೂಕಾಲು ಕಿಲೋ ಬೆರೆಸಿದರೆ ಈ ತೊಟ್ಟಿಗೆ ಸಾಕು. ಕ್ಲೌನ್ ಮೀನನ್ನು ಕಡಲಿನಿಂದ ಹಿಡಿದು ತರಬೇಕಾಗಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲಿಯೇ ಅದನ್ನು ಮರಿಮಾಡಿಸುವ ವಿಧಾನವನ್ನು ಸಾಧಿಸಿದ್ದಾರೆ. ಜೀವಂತ ಕಲ್ಲುಹವಳಗಳನ್ನಂತೂ ಮುಟ್ಟುವಂತಿಲ್ಲ. 2001ರಲ್ಲಿ ಅವುಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಕ್ಕೂ ಅದೇ ರಕ್ಷೆ. ಚಿನ್ನದ ರೀಫಿಗೆ ಬೀಗ ಬಿದ್ದ ವರ್ಷವೇ ಹವಳದ ರೀಫಿಗೂ ಕಾವಲು ಬಿತ್ತೆಂದು ಯಜಮಾನರು ತಮಾಷೆ ಮಾಡುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ. ಊರಿನವರಿಗಂತೂ ಬರುವುದೇ ಇಲ್ಲ.

ಆದಕಾರಣ ಅವರದು ಬರಿಯ ಕಲ್ಲಿನ ರೀಫ್. ಕಲ್ಲಾದರೂ ಜೀವವುಳ್ಳದ್ದಾಗಬೇಕು. ಜಕಾರ್ತದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿಯೇ, ಕಡಲಿನ ಜೀವವಿರುವ ಕಲ್ಲುಗಳೇ ತೊಟ್ಟಿಯನ್ನು ಶುದ್ಧವಾಗಿಡುತ್ತವೆಂದು ಬರೆದು ತೋರಿಸಿದ್ದ. ಬೆಂಗಳೂರಿನ ಹವ್ಯಾಸಿ ಮಿತ್ರರೊಬ್ಬರ ತೊಟ್ಟಿಯಿಂದ ನೇರಳೆ ಪಾಚಿ ಕಟ್ಟಿದ ಒಂದು ಹಿಡಿಗಲ್ಲು ಒದ್ದೆ ಪತ್ರಿಕೆಯಲ್ಲಿ ಸುತ್ತಿಕೊಂಡು ಮಾರಿಕುಪ್ಪಂ ಗಾಡಿಯಲ್ಲಿ ಬಂದಿತು. ಅದರ ಸುತ್ತ ಒಣಗಲ್ಲುಗಳನ್ನು ಜೋಡಿಸಿ, ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಿಂದ ತಂದ ಒಂದೇ ಒಂದು ಸೀಗಡಿಯನ್ನು ನೀರಿಗೆ ಹಾಕಿ ಕೊಳೆಯಬಿಟ್ಟರು. ಅದರಿಂದ ಹುಟ್ಟುವ ಅಮೋನಿಯ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿ ಸೌಮ್ಯಗೊಳಿಸುತ್ತದೆ. ಈ ಅಡಿಗೆಯವರು ಕಲ್ಲಿನ ರಂಧ್ರಗಳಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಅಷ್ಟು ದಿನವೂ ಯಜಮಾನರು ಮೀನಿಲ್ಲದ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಪಕ್ಕದ ಮನೆಯವರು ಇಣುಕಿ, ‘ಸಿನಿಮಾ ಯಾವಾಗ ಶುರು?’ ಎಂದರು.

ಏಳನೆಯ ವಾರದಲ್ಲಿ ಎರಡು ಕ್ಲೌನ್ ಮೀನುಗಳು ಬಂದವು. ಹೆಬ್ಬೆರಳಿನಷ್ಟಿಲ್ಲದ ಮರಿಗಳು. ಈ ಜಾತಿಯಲ್ಲಿ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ಬಲವುಳ್ಳದ್ದು ಮುಂದೆ ಹೆಣ್ಣಾಗಿ ಮನೆಯ ಅಧಿಕಾರ ವಹಿಸುತ್ತದೆ. ಇದನ್ನು ಕೇಳಿದ ಗೃಹಿಣಿ ಮೊದಲ ಬಾರಿಗೆ ತೊಟ್ಟಿಯ ಬಳಿ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು.

ಹೀಗಿರಲು ಯಜಮಾನರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರ ಬಾಗಕೂಡದು, ಭಾರ ಎತ್ತಕೂಡದು ಎಂದು ವೈದ್ಯರ ಆಜ್ಞೆ. ಕರಾರು ಮುರಿಯಲೇಬೇಕಾಯಿತು. ಮೊದಲ ಬೆಳಿಗ್ಗೆ ಆಕೆ ಮರುಮಾತಿಲ್ಲದೆ ಎದ್ದು, ನೀರು ಬದಲಿಸಲು ಬೆರೆಸಿಟ್ಟಿದ್ದ ಉಪ್ಪುನೀರಿನ ಡಬ್ಬಕ್ಕೆ ಚೊಂಬನ್ನು ಅದ್ದಿದರು.

‘ಅದಲ್ಲ’ ಎಂದರು ಯಜಮಾನರು. ‘ಬರಿಯ ನೀರು. ಬಲಗಡೆಯ ಡಬ್ಬದ್ದು.’

‘ಆಗ ಸಮುದ್ರದ ನೀರು ಹಾಕು ಎಂದಿದ್ದಿರಲ್ಲ?’

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕುಳಿತ ಮನುಷ್ಯನಿಗೆ ಅಡಗಲು ಸ್ಥಳ ಬಹಳವಿರುವುದಿಲ್ಲ. ಅವರು ಹೇಳಿದರು. ಆರುವುದು ಯಾವುದು, ಉಳಿಯುವುದು ಯಾವುದು, ದಿನಕ್ಕೆ 70 ಗ್ರಾಂ, ಹೈಡ್ರೋಮೀಟರ್ ತೋರಿಸಿದ್ದೆಷ್ಟು. ಲೆಕ್ಕವನ್ನೆಲ್ಲ ಹೇಳಿ ಮುಗಿಸಿದ ಮೇಲೆ, ‘ನೀನು ನಿದ್ದೆ ಮಾಡಿದ್ದರಿಂದಲ್ಲ’ ಎಂದರು.

‘ಯಾವಾಗ ತಿಳಿಯಿತು ನಿಮಗೆ?’

‘ಅಂದೇ.’

ಆಕೆ ಚೊಂಬಿನ ಉಪ್ಪುನೀರನ್ನು ಡಬ್ಬಕ್ಕೆ ಮರಳಿ ಸುರಿದರು. ಬಲಗಡೆಯ ಡಬ್ಬದಿಂದ ಬರಿಯ ನೀರನ್ನು ಮೊಗೆದು, ಗಾಜಿನ ಮೇಲೆ ಅಂಟಿಸಿದ್ದ ಪಟ್ಟಿಯ ಗುರುತಿಗೆ ಸರಿಯಾಗಿ, ಸಣ್ಣ ಧಾರೆಯಲ್ಲಿ ತುಂಬಿದರು. ಆಮೇಲೆ ಒಳಕ್ಕೆ ಹೋದರು. ಅಂದು ಕಾಫಿ ಬರುವುದು ಬಹಳ ತಡವಾಯಿತು. ಬಂದಾಗ ಅದಕ್ಕೆ ಸಕ್ಕರೆ ಇರಲಿಲ್ಲ. ಯಜಮಾನರು ಕೇಳಲೂ ಇಲ್ಲ. ನಾಲ್ಕು ದಿನ ಮನೆಯಲ್ಲಿ ಮಾತೆಲ್ಲ ಕಣ್ಣಿನ ಔಷಧಿಗೆ ಸಂಬಂಧಪಟ್ಟಿದ್ದಷ್ಟೇ. ನೀರು ಮಾತ್ರ ದಿನವೂ ಗುರುತಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು.

ಕಣ್ಣಿನ ಕಟ್ಟು ಬಿಚ್ಚಿ ಬಹಳ ದಿನಗಳಾದ ಮೇಲೆ, ಒಂದು ರಾತ್ರಿ ಎರಡು ಗಂಟೆಗೆ ವಿದ್ಯುತ್ ಹೋಯಿತು. ಬ್ಯಾಟರಿಯ ಪುಟ್ಟ ಪಂಪು ತಾನಾಗಿ ಗುಂಯ್ ಎಂದು ಎದ್ದಿತು. ಯಜಮಾನರಿಗೆ ಎಚ್ಚರವಾಯಿತು. ಆಕೆಗೂ ಆಗಿತ್ತು. ಅವರು ಆಕೆ ಎದ್ದು ಕುಳಿತುಕೊಳ್ಳುವುದನ್ನು ಕಾದರು.

‘ನೀವೇ ನೋಡಿ ಬನ್ನಿ’ ಎಂದು ಆಕೆ ಹೊದಿಕೆಯನ್ನು ಎಳೆದುಕೊಂಡು ಆ ಮಗ್ಗುಲಿಗೆ ತಿರುಗಿದರು.

ಅವರು ಟಾರ್ಚ್ ಹಿಡಿದು ನಡುಮನೆಗೆ ಹೋದರು. ಗುಳ್ಳೆಗಳು ಏಳುತ್ತಿದ್ದವು. ಎರಡು ಮೀನುಗಳೂ ಕಲ್ಲಿನ ಮೂಲೆಯಲ್ಲಿ ಒತ್ತೊತ್ತಾಗಿ ನಿದ್ರಿಸುತ್ತಿದ್ದವು. ಅವರು ಟಾರ್ಚ್ ಆರಿಸಿ, ವಿದ್ಯುತ್ ಬರುವವರೆಗೆ ಕುರ್ಚಿಯಲ್ಲಿ ಕುಳಿತರು.