ಕೆಂಪು ದೀಪ ಮಿನುಗಿದ ತಿರುವು

ದೆಹಲಿಯ ಮಯೂರ್ ವಿಹಾರ್ ಫೇಸ್-1ರ ಹೌಸಿಂಗ್ ಸೊಸೈಟಿಗಳಲ್ಲಿ ಬೆಳಗಾಗುವುದು ಬಕೆಟ್ಟಿನ ಸದ್ದಿನಿಂದ. ಚಳಿಯಿರಲಿ, ಮಂಜಿರಲಿ, ಕಾರು ಒರೆಸುವ ಹುಡುಗರು ಕತ್ತಲು ಹರಿಯುವ ಮೊದಲೇ ಬಂದು ಸಾಲಾಗಿ ನಿಂತ ಗಾಡಿಗಳ ಗಾಜು, ಬಾಗಿಲು, ಚಾವಣಿ ತಿಕ್ಕಿ ಹೋಗಿರುತ್ತಾರೆ. ಒಂದು ಕಡೆ ಯಮುನೆಯ ಖಾದರಿನ, ಅಂದರೆ ನೆರೆಬಯಲಿನ ಮಣ್ಣು, ಇನ್ನೊಂದು ಕಡೆ ಗಾಜಿಪುರದ ಕಸದ ಗುಡ್ಡದಿಂದ ಬರುವ ಗಾಳಿ. ಎರಡರ ನಡುವೆ ಇರುವ ಬಡಾವಣೆಗೆ ಈ ಸೇವೆ ಬೇಕೇ ಬೇಕು. ಹೀಗೆ ದಿನಾ ಮೀಯುವ ಕಾರುಗಳ ಬಾನೆಟ್ ಎತ್ತುವವರು ಮಾತ್ರ ಅಪರೂಪ. ಅದು ವರ್ಷಕ್ಕೊಮ್ಮೆ ಸರ್ವೀಸಿನವರು ನೋಡಿಕೊಳ್ಳುವ ವಿಷಯ ಎಂದು ಎಲ್ಲರ ನಂಬಿಕೆ.

ಅಕ್ಕ-ಭಾವ ಅಲ್ಲಿಯವರಾಗಿ ಬಹಳ ಕಾಲವಾಯಿತು. ಭಾವ ಹಾಸನದ ಕಡೆಯವರು. ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರು. ಅವರ ಪೆಟ್ರೋಲ್ ಕಾರಿನ ಆಯುಸ್ಸು ಮುಗಿಯುತ್ತ ಬಂದಿತ್ತು. ದೆಹಲಿಯ ರಸ್ತೆಯಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂದು ಹಸಿರು ನ್ಯಾಯಮಂಡಳಿ ಎಳೆದ ಗೆರೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತ್ತಲ್ಲ, ಆ ಗೆರೆಯ ಹತ್ತಿರ ಹತ್ತಿರ. ‘ಗುಜರಿಗೆ ಹೋಗೋ ಮೊದಲು ಒಂದ್ಸಲ ಆಗ್ರಾ ನೋಡಿಕೊಂಡು ಬರಲಿ’ ಎಂದು ಭಾವ ಕಾರಿನ ಪರವಾಗಿ ಮಾತಾಡಿದರು. ನಾವು ಮೂವರೂ ಹೊರಟದ್ದು ಫೆಬ್ರವರಿಯ ಕೊನೆಗೆ, ಬೂರುಗದ ಮರಗಳು ಎಲೆ ಉದುರಿಸಿ ಕೆಂಪು ಹೂವಾಗಿದ್ದ ದಿನಗಳಲ್ಲಿ.

ಆ ಕಾರಿನ ದಿನಚರಿ ಹೇಳಿದರೆ ಮುಂದಿನ ಕತೆಯ ಅರ್ಧ ಹೇಳಿದಂತೆ. ಅಕ್ಕನನ್ನು ಮೆಟ್ರೊ ನಿಲ್ದಾಣಕ್ಕೆ ಬಿಡುವುದು, ಉತ್ತರ ಗುರುವಾಯೂರಪ್ಪನ ಗುಡಿಗೆ ಹೋಗುವುದು, ನುಗ್ಗೆಕಾಯಿ, ತೆಂಗಿನಕಾಯಿ ಹುಡುಕಿಕೊಂಡು ಮಾರ್ಕೆಟ್ಟು ಸುತ್ತುವುದು. ಒಂದು, ಎರಡು, ಹೆಚ್ಚೆಂದರೆ ನಾಲ್ಕು ಕಿಲೋಮೀಟರು. ಎಂಜಿನ್ ಬಿಸಿಯೇರುವಷ್ಟರಲ್ಲಿ ಮನೆ ಬಂದಿರುತ್ತದೆ. ಮೀಟರಿನಲ್ಲಿ ವರ್ಷವಿಡೀ 10,000 ಕಿ.ಮೀ. ಕೂಡ ದಾಟುವುದಿಲ್ಲ. ಆದ್ದರಿಂದ ಆಯಿಲ್ ಬದಲಿಸುವ ಹೊತ್ತು ಬಂದಿಲ್ಲ ಎಂಬುದು ಭಾವನ ಲೆಕ್ಕ.

ಚಿಲ್ಲಾ ಹಳ್ಳಿಯ ಪಕ್ಕ ಹಾದು ನೋಯ್ಡಾ ಹೊಕ್ಕರೆ, ಬಲಕ್ಕೆ ದಲಿತ ಪ್ರೇರಣಾ ಸ್ಥಳದ ಕಲ್ಲಿನ ಆನೆಗಳು. ಅವುಗಳ ಆಚೆ ಓಖ್ಲಾದ ಹಕ್ಕಿಧಾಮ. ನೋಯ್ಡಾ-ಗ್ರೇಟರ್ ನೋಯ್ಡಾ ಎಕ್ಸ್‌ಪ್ರೆಸ್‌ವೇ ಮುಗಿದು ಪರಿ ಚೌಕ್ ದಾಟಿದರೆ ಯಮುನಾ ಎಕ್ಸ್‌ಪ್ರೆಸ್‌ವೇ ಶುರು. ಆಗ್ರಾದವರೆಗೆ 165 ಕಿ.ಮೀ., ಆರು ಲೇನು, ಉದ್ದಕ್ಕೂ ಕಾಂಕ್ರೀಟು. 2012ರ ಆಗಸ್ಟಿನಲ್ಲಿ ತೆರೆದ ದಾರಿ. ಇದಕ್ಕಾಗಿ ಬಿಟ್ಟುಕೊಟ್ಟ ಭೂಮಿಯ ಬೆಲೆ ಕೇಳಿ 2010ರಲ್ಲಿ ಟಪ್ಪಲ್‌ನಲ್ಲಿ, 2011ರಲ್ಲಿ ಭಟ್ಟಾ ಪರ್ಸೌಲ್‌ನಲ್ಲಿ ರೈತರು ಬೀದಿಗಿಳಿದದ್ದು, ಗುಂಡು ಹಾರಿ ಜೀವಗಳು ಹೋದದ್ದು ಈಗ ಗಾಜು ಏರಿಸಿಕೊಂಡು ಹೋಗುವವರಿಗೆ ನೆನಪಾಗುವ ಸಂಗತಿಯಲ್ಲ. ಹೊಲಗಳಲ್ಲಿ ಗೋಧಿ ಹಸಿರಾಗಿ ನಿಂತಿತ್ತು, ಸಾಸಿವೆಯ ಹಳದಿ ಇಳಿಯುತ್ತಿತ್ತು.

ದಾರಿಯಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟಿನ ಫಲಕ ಕಂಡಿತು. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಜಾಗ. ಮೂರು ಸಲವೂ ಗೆದ್ದವನು ಸೆಬಾಸ್ಟಿಯನ್ ವೆಟಲ್. ಆ ಕಾರುಗಳ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವುದೇ ಇಲ್ಲ. ಬೇರೆ ಪಂಪುಗಳು ಅದನ್ನು ಕೂಡಲೇ ಎಳೆದು ಪ್ರತ್ಯೇಕ ಟ್ಯಾಂಕಿಗೆ ತುಂಬುತ್ತವೆ. ತಿರುವಿನ ರಭಸಕ್ಕೆ ಎಣ್ಣೆ ಒಂದು ಮೂಲೆಗೆ ಒತ್ತರಿಸಿ ಪಂಪಿನ ಬಾಯಿಗೆ ಗಾಳಿ ಸಿಕ್ಕಬಾರದು ಎಂದು ಈ ಏರ್ಪಾಡು. ನಮ್ಮ ನಿಮ್ಮ ಕಾರುಗಳಿಗೆ ಆ ಭಾಗ್ಯವಿಲ್ಲ. ಎಣ್ಣೆಯೆಲ್ಲ ಎಂಜಿನ್ನಿನ ಅಡಿಯ ತಟ್ಟೆಯಲ್ಲಿ, ಮೆಕ್ಯಾನಿಕ್ಕುಗಳು ಚೇಂಬರ್ ಎನ್ನುವ ಸಂಪಿನಲ್ಲಿ ನಿಂತಿರುತ್ತದೆ. ಪಂಪು ಅಲ್ಲಿಂದಲೇ ಹೀರಬೇಕು. ಈ ವಿಷಯ ನಾನು ಹೇಳುತ್ತಿದ್ದಾಗ ಭಾವ ವೇಗದ ಮುಳ್ಳನ್ನು ನೂರರಲ್ಲೇ ನಿಲ್ಲಿಸುವ ಸಂತೋಷದಲ್ಲಿದ್ದರು. ಸಣ್ಣ ಕಾರು ಗಂಟೆಗೆ 100 ಕಿ.ಮೀ. ಓಡಿದರೆ ಎಂಜಿನ್ ನಿಮಿಷಕ್ಕೆ ಮೂರು ಸಾವಿರದ ಆಸುಪಾಸು ಸುತ್ತು ಹೊಡೆಯುತ್ತದೆ. ಅಂದರೆ ಸೆಕೆಂಡಿಗೆ 50 ಸುತ್ತು, ಗಂಟೆಗಟ್ಟಲೆ, ಒಂದು ಉಸಿರೂ ಬಿಡದೆ.

ಜೇವರ್ ಟೋಲ್ ಆಯಿತು. ನೂರು ಕಿಲೋಮೀಟರ್ ದಾಟಿದ ಮೇಲೆ ಬೃಂದಾವನದ ಕಟ್ ಬಂತು. ಅಲ್ಲಿನ ಗುಡಿಯ ಬಾಂಕೆ ಬಿಹಾರಿ ಕೃಷ್ಣನನ್ನು ನೋಡಿಯೇ ಮುಂದೆ ಹೋಗುವುದು ಎಂದು ಅಕ್ಕ ಮೊದಲೇ ಕರಾರು ಹಾಕಿದ್ದಳು. ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿಯುವ ರ‍್ಯಾಂಪು ಉದ್ದಕ್ಕೆ ಬಾಗಿಕೊಂಡು ಹೋಗುತ್ತದೆ. ಆ ಬಾಗಿನ ನಡುವೆ ಮೀಟರಿನ ಗಾಜಿನೊಳಗೆ ಕೆಂಪು ದೀಪವೊಂದು ಮಿನುಗಿತು: ಮೂತಿಯಿಂದ ಹನಿ ತೊಟ್ಟಿಕ್ಕುವ ಎಣ್ಣೆ ಗಿಂಡಿಯ ಚಿತ್ರ. ರಸ್ತೆ ನೇರವಾಯಿತು, ದೀಪ ಆರಿತು.

‘ಹೋಯ್ತಲ್ಲ, ವೈರ್ ಲೂಸಾಗಿರಬೇಕು’ ಎಂದರು ಭಾವ. 

‘ಹೋಗಿದ್ದಕ್ಕೇ ಭಯ. ಸೈಡಿಗೆ ಹಾಕಿ, ಮೊದಲು ಎಂಜಿನ್ ಆಫ್ ಮಾಡಿ’ ಎಂದೆ. ‘ಗುಡಿ ಹತ್ತಿರ ನೋಡೋಣ, ಇನ್ನೆಷ್ಟು ದೂರ’ ಎಂದರು. ಗುಡಿಯವರೆಗೆ ಹೋಗಲು ಹಲವು ಕಿಲೋಮೀಟರಿತ್ತು. ಎಣ್ಣೆಯಿಲ್ಲದ ಎಂಜಿನ್ನಿಗೆ ಅಷ್ಟು ಆಯುಸ್ಸಿರುವುದಿಲ್ಲ. ಅಕ್ಕ ನನ್ನ ಪರ ನಿಂತಳು, ಕಾರೂ ನಿಂತಿತು.

ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಆ ಕೆಂಪು ದೀಪ ಎಣ್ಣೆಯ ಮಟ್ಟ ಹೇಳುವುದಿಲ್ಲ, ಒತ್ತಡ ಹೇಳುತ್ತದೆ. ಪೆಟ್ರೋಲಿನ ಮುಳ್ಳು ಕೆಳಗಿಳಿದಾಗ ಹತ್ತುವ ಹಳದಿ ದೀಪ ‘ಇನ್ನೂ ಸ್ವಲ್ಪ ದೂರ ಹೋಗಬಹುದು’ ಎನ್ನುತ್ತದೆ. ಕೆಂಪು ಗಿಂಡಿಯ ದೀಪಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಅದು ಹತ್ತಿತೆಂದರೆ ಬೇರಿಂಗುಗಳಿಗೆ ಎಣ್ಣೆ ಆಗಲೇ ಸರಿಯಾಗಿ ತಲುಪುತ್ತಿಲ್ಲ ಎಂದೇ ತಿಳಿಯಬೇಕು. ತಿರುವಿನಲ್ಲಿ ಹತ್ತಿ ನೇರದಾರಿಯಲ್ಲಿ ಆರಿದರೆ ಕಾರಣವನ್ನೂ ಬಹುಮಟ್ಟಿಗೆ ಹೇಳಿದಂತಾಯಿತು. ಊಟದ ತಟ್ಟೆಯಲ್ಲಿ ಉಳಿದ ಒಂದಿಷ್ಟು ಸಾರು ತಟ್ಟೆ ಓರೆಯಾದ ಕಡೆಗೆ ಓಡುವ ಹಾಗೆ, ಸಂಪಿನಲ್ಲಿದ್ದ ಅಲ್ಪ ಎಣ್ಣೆ ಪಕ್ಕಕ್ಕೆ ಸರಿದು ಪಂಪು ಗಾಳಿ ಹೀರಿದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ, ಘಾಟಿ ಏರುವಾಗ ಆಗುವುದೂ ಇದೇ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವು ತಿರುವಿಗೂ ಈ ದೀಪ ಮಿನುಗಿಸುತ್ತ ಇಳಿದವರು ಎಂಜಿನ್ ಕೈಕೊಟ್ಟ ಮೇಲೆ ಘಾಟಿಯನ್ನು ಬಯ್ಯುತ್ತಾರೆ.

ಸಮತಟ್ಟು ಜಾಗ ನೋಡಿ ನಿಲ್ಲಿಸಿದ್ದೆವು. ಎಣ್ಣೆ ಕೆಳಗಿಳಿಯಲೆಂದು ಐದಾರು ನಿಮಿಷ ಬಿಟ್ಟು, ಎಣ್ಣೆ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದೆ. ಮೇಲಿನ ಗುರುತು ಹಾಗಿರಲಿ, ಕೆಳಗಿನ ಗುರುತಿಗೂ ಎಣ್ಣೆ ತಾಗಿರಲಿಲ್ಲ. ತುದಿಯಲ್ಲಿ ಕಪ್ಪು ಪಸೆ ಮಾತ್ರ. ‘ಹೊರಡೋ ಹಿಂದಿನ ವಾರ ಪಕ್ಕದ ಮನೆಯವರು ನೋಡಿ ಸರಿಯಾಗಿದೆ ಅಂದಿದ್ರಲ್ಲ’ ಎಂದರು ಭಾವ. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಸುಳ್ಳು ಹೇಳಿದ್ದು ಮಯೂರ್ ವಿಹಾರದ ಸಣ್ಣ ಓಡಾಟ. ಎಂಜಿನ್ ಬಿಸಿಯೇರದೆ ನಿಂತಾಗಲೆಲ್ಲ ಉರಿಯದ ಪೆಟ್ರೋಲು, ನೀರಿನ ಹಬೆ ಒಂದಿಷ್ಟು ಎಣ್ಣೆಗೆ ಸೇರುತ್ತವೆ. ಎಣ್ಣೆ ತೆಳ್ಳಗಾಗುತ್ತದೆ, ಕಡ್ಡಿಯಲ್ಲಿ ಮಟ್ಟ ಮಾತ್ರ ತುಂಬಿದಂತೆ ತೋರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಗಂಟೆ ನಿಜವಾಗಿ ಕಾದಾಗ ಬೆರೆತದ್ದರ ಬಹುಪಾಲು ಆವಿಯಾಗಿ ಹೋಗುತ್ತದೆ. ಅದರ ಮೇಲೆ, ಸವೆದ ಪಿಸ್ಟನ್ ರಿಂಗಿನ ಹಳೇ ಎಂಜಿನ್ ಅಷ್ಟು ವೇಗದಲ್ಲಿ ಎಣ್ಣೆಯನ್ನೂ ಸುಡುತ್ತದೆ. ಊರೊಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಕೊರತೆಯನ್ನು ಹೆದ್ದಾರಿ ಒಂದೇ ಬೆಳಗ್ಗೆ ಬಯಲಿಗೆಳೆಯಿತು.

ಭಾವ ಒಬ್ಬ ಇ-ರಿಕ್ಷಾದವನನ್ನು ಹಿಡಿದು ಮಿಸ್ತ್ರಿಯನ್ನು ಕರೆತರಲು ಹೋದರು. ನಾನು, ಅಕ್ಕ ರಸ್ತೆ ಪಕ್ಕ ಕೂತೆವು. ‘ಎಣ್ಣೆ ಸ್ವಲ್ಪ ಕಮ್ಮಿ ಆದ್ರೆ ಅಷ್ಟೊಂದು ಏನಾಗುತ್ತೆ?’ ಎಂದಳು. ಅವಳಿಗೆ ಬೊಚಾಂಪ್ ಟವರ್ ಎಂಬ ಇಂಗ್ಲೆಂಡಿನ ಎಂಜಿನಿಯರನ ಕತೆ ಹೇಳಿದೆ. 1880ರ ದಶಕದಲ್ಲಿ ಆತ ರೈಲಿನ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಬೇರಿಂಗಿನ ನೆತ್ತಿಗೆ ಎಣ್ಣೆ ಬಿಡಲೆಂದು ಒಂದು ತೂತು ಕೊರೆದ. ಅಚ್ಚು ತಿರುಗಿದೊಡನೆ ಎಣ್ಣೆ ಒಳಗಿಳಿಯುವ ಬದಲು ಆ ತೂತಿನಿಂದಲೇ ಮೇಲೆ ಉಕ್ಕಿತು. ಬಿರಡೆ ಜಡಿದ, ಚಿಮ್ಮಿತು. ಮರದ ಬೆಣೆ ಹೊಡೆದ, ಅದೂ ಹೊರಬಂತು. ತಿರುಗುವ ಅಚ್ಚೇ ಎಣ್ಣೆಯನ್ನು ಸಂದಿಗೆ ಎಳೆದುಕೊಳ್ಳುತ್ತಿದೆ, ಮೇಲಿನ ಭಾರವೆಲ್ಲ ಆ ಎಣ್ಣೆಯ ಮೇಲೇ ತೇಲುತ್ತಿದೆ ಎಂದು ಆಗ ಗೊತ್ತಾಯಿತು. 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ. ಇವತ್ತಿಗೂ ಕಾರಿನ ಕ್ರ್ಯಾಂಕ್‌ಶಾಫ್ಟ್ ಹೀಗೇ ತೇಲುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆ, ತಲೆಗೂದಲಿನ ಹತ್ತರಲ್ಲೊಂದು ಪಾಲಿಗಿಂತ ತೆಳು.

ನಮ್ಮಜ್ಜನ ಕಾಲದ ಎತ್ತಿನಗಾಡಿಗೂ ಕೀಲೆಣ್ಣೆ ಬೇಕಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ, ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕಿರುತ್ತಿದ್ದರು. ಅದೇ ಹರಳೆಣ್ಣೆ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿನಲ್ಲೂ ಓಡಿತು. ಎಣ್ಣೆ ಒಣಗಿದರೆ ಗಾಡಿ ಕಿರ್ರೆಂದು ಕೂಗಿ ಹೇಳುತ್ತಿತ್ತು. ಗಾಡಿಯವನು ಇಳಿದು ಹಚ್ಚುತ್ತಿದ್ದ. ಕಾರು ಅಷ್ಟು ಬೇಗ ಕೂಗುವುದಿಲ್ಲ. ಎಣ್ಣೆ ಕಡಿಮೆಯಾದಷ್ಟೂ ಇದ್ದದ್ದೇ ಹೆಚ್ಚು ಸಲ ಸುತ್ತಿ, ಹೆಚ್ಚು ಕಾದು, ಬೇಗ ಹಾಳಾಗುತ್ತದೆ. ಆಮೇಲೆ ಟಪ್ಪೆಟ್ಟಿನ ಟಿಕ್ ಟಿಕ್. ಟರ್ಬೊ ಇದ್ದರೆ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಅದರ ಅಚ್ಚು ಎಲ್ಲಕ್ಕೂ ಮೊದಲು ಸೋಲುತ್ತದೆ. ಮುಂದೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಕೆಳಗಿನಿಂದ ಗಡ್ ಗಡ್ ಸದ್ದು. ಅದೂ ಕೇಳಿಸದವರಿಗೆ ಎಂಜಿನ್ ಸೀಜ್. ನೂರರ ವೇಗದಲ್ಲಿ ಎಂಜಿನ್ ಬಿಗಿದುಕೊಂಡರೆ ಮುಂದಿನ ಚಕ್ರಗಳೂ ಬಿಗಿಯಬಹುದು. ರಾಡು ಮುರಿದು ಬ್ಲಾಕನ್ನೇ ತೂತು ಮಾಡಿದರೆ ಸಿಡಿದ ಬಿಸಿ ಎಣ್ಣೆ ಸೈಲೆನ್ಸರ್ ಪೈಪಿಗೆ ತಾಗಿ ಬೆಂಕಿ ಹತ್ತಬಹುದು. ಹಿಂದಿನಿಂದ ಬಸ್ಸು ನುಗ್ಗಿ ಬರುವ ರಸ್ತೆಯಲ್ಲಿ ಎಂಜಿನ್ನಿನ ಸಾವು ಎಂಜಿನ್ನಿಗೇ ಮುಗಿಯುವುದಿಲ್ಲ.

ಮಿಸ್ತ್ರಿ ಬಂದವನೇ ‘ಸ್ಟಾರ್ಟ್ ಮತ್ ಕರ್ನಾ’ ಎಂದು ಕೈ ಅಡ್ಡ ಹಿಡಿದ. ಮೊದಲು ಕಾರಿನ ಕೆಳಗೆ ಮಲಗಿ ಚೇಂಬರಿಗೆ ಹಂಪಿನ ಹೊಡೆತ ಬಿದ್ದಿದೆಯೇ, ಡ್ರೈನ್ ಬೋಲ್ಟು, ಫಿಲ್ಟರು ಸೋರಿವೆಯೇ ನೋಡಿದ. ಎಲ್ಲ ಒಣಗಿತ್ತು. ಸೈಲೆನ್ಸರಿನ ಬಾಯಿಗೆ ಬೆರಳಾಡಿಸಿ ಜಿಡ್ಡು ಮಸಿ ತೋರಿಸಿ, ಗಾಡಿಯೇ ಮೋಬಿಲ್, ಅಂದರೆ ಎಂಜಿನ್ ಆಯಿಲ್, ಕುಡಿಯುತ್ತಿದೆ ಎಂದ. ಮ್ಯಾನ್ಯುಯಲ್ಲಿನಲ್ಲಿದ್ದ ಗ್ರೇಡಿನ ಎಣ್ಣೆಯನ್ನೇ ಭಾವ ತಂದಿದ್ದರು. ಅರ್ಧ ಲೀಟರ್ ಸುರಿಯುವುದು, ಕಾಯುವುದು, ಕಡ್ಡಿ ನೋಡುವುದು. ಹೆಚ್ಚು ಸುರಿದರೂ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯ ಮೇಲೆ ಯಾವ ಅಚ್ಚೂ ತೇಲದು. ಮೂರು ಲೀಟರ್ ಚಿಲ್ಲರೆ ಹಿಡಿಯುವ ಎಂಜಿನ್ನಿಗೆ ಒಂದೂವರೆ ಲೀಟರ್ ಬೇಕಾಯಿತು. ಆಮೇಲೆ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೂ ಹಿಡಿಯನ್ನು ಕಿವಿಗೂ ಒತ್ತಿ ಬಹಳ ಹೊತ್ತು ಕೇಳಿದ. ಮೇಲಿನ ಟಿಕ್ ಟಿಕ್ ಒಂದೆರಡು ನಿಮಿಷಕ್ಕೆ ಅಡಗಿತು, ಕೆಳಗೆ ಬಡಿತವಿರಲಿಲ್ಲ. ‘ಬಚ್ ಗಯೀ. ಅಸ್ಸೀ ಸೇ ಊಪರ್ ನಹೀಂ’ ಎಂದು ಎಂಬತ್ತರ ಗೆರೆ ಹಾಕಿಕೊಟ್ಟು ಹೋದ.

ಬಾಂಕೆ ಬಿಹಾರಿಯ ಗಲ್ಲಿಯಲ್ಲಿ ನೂಕಿಸಿಕೊಂಡು ದರ್ಶನ ಮಾಡಿ, ಮಥುರೆಯ ಪೇಡ ಕಟ್ಟಿಸಿಕೊಂಡು, ಹಳೆಯ ಆಗ್ರಾ ರಸ್ತೆ ಹಿಡಿದೆವು. ಮಥುರಾ ಬಿಟ್ಟೊಡನೆ ಸಿಗುವುದು 1982ರಲ್ಲಿ ಶುರುವಾದ ಇಂಡಿಯನ್ ಆಯಿಲ್ ಸಂಸ್ಕರಣಾಗಾರ. ಇದರ ಮತ್ತು ಸುತ್ತಲ ಕಾರ್ಖಾನೆಗಳ ಹೊಗೆ ತಾಜಮಹಲಿನ ಅಮೃತಶಿಲೆಯನ್ನು ಕೆಡಿಸುತ್ತಿದೆ ಎಂದು ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 30ರ ತೀರ್ಪು ತಾಜ್ ಸುತ್ತಣ 10,400 ಚದರ ಕಿ.ಮೀ. ವಲಯದ ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಡಿಸಿ ಗ್ಯಾಸ್ ಹಿಡಿಯಲು ಹೇಳಿತು. ಎಂಜಿನ್ನಿನಲ್ಲಿ ಎಣ್ಣೆ ಸುಡುತ್ತ ಆ ವಲಯದೊಳಗೆ ಹೊಕ್ಕ ನಮ್ಮ ಗಾಡಿಯೂ ತನ್ನ ಪಾಲಿನ ಹೊಗೆ ಸೇರಿಸುತ್ತಲೇ ಇತ್ತು. ದೆಹಲಿಯ 15 ವರ್ಷದ ಗಡುವಿನ ತರ್ಕ ಅಲ್ಲಿ ನನಗೆ ಮೊದಲಿಗಿಂತ ಚೆನ್ನಾಗಿ ಒಪ್ಪಿಗೆಯಾಯಿತು.

ತಾಜಿನಿಂದ 500 ಮೀಟರ್ ಈಚೆಗೇ ಪೆಟ್ರೋಲ್, ಡೀಸೆಲ್ ಗಾಡಿಗಳು ನಿಲ್ಲಬೇಕು. ಶಿಲ್ಪಗ್ರಾಮದಲ್ಲಿ ಕಾರು ಬಿಟ್ಟು ಬ್ಯಾಟರಿ ಗಾಡಿ ಹತ್ತಿದೆವು. ಎಂಜಿನ್ನೂ ಇಲ್ಲ, ಎಂಜಿನ್ ಆಯಿಲ್ಲೂ ಇಲ್ಲ. ‘ಮುಂದಿನ ಕಾರು ಇಂಥದ್ದೇ, ಕಡ್ಡಿ ನೋಡೋ ತಾಪತ್ರಯವಿಲ್ಲ’ ಎಂದರು ಭಾವ. ತಾಜಮಹಲಿನ ಮುಂದೆ ನಿಂತಾಗ ಕೂಡ ಅವರ ಮನಸ್ಸು ಪಾರ್ಕಿಂಗಿನಲ್ಲಿತ್ತು ಎಂಬುದಕ್ಕೆ ಅಕ್ಕ ತೆಗೆದ ಫೋಟೊಗಳೇ ಸಾಕ್ಷಿ.

ಮರುದಿನ ಬೆಳಗ್ಗೆ ಲಾಡ್ಜಿನ ಅಂಗಳದಲ್ಲಿ ಟ್ಯಾಕ್ಸಿಗಳ ಬಾನೆಟ್ಟುಗಳೆಲ್ಲ ತೆರೆದಿದ್ದವು. ಕೆಂಪು ದೀಪ ಹತ್ತುವವರೆಗೆ ಕಾಯಲು ಬಾಡಿಗೆ ಗಾಡಿಯವರಿಗೆ ಪುರುಸೊತ್ತಿಲ್ಲ. ಗಾಡಿ ನಿಂತರೆ ಅವತ್ತಿನ ಅನ್ನ ನಿಲ್ಲುತ್ತದೆ. ಭಾವನೂ ಅವರ ಸಾಲಿನಲ್ಲಿ ನಿಂತು ಕಡ್ಡಿ ಒರೆಸಿದರು. ವಾಪಸು ಬರುವಾಗ ಎಂಬತ್ತು ದಾಟಿಸಲಿಲ್ಲ. ದಾರಿಯಲ್ಲಿ ಇಳಿದು ಮತ್ತೊಮ್ಮೆ ನೋಡಿ, ಕಿಲೋಮೀಟರಿನ ಪಕ್ಕ ಎಣ್ಣೆಯ ಮಟ್ಟವನ್ನೂ ಬರೆದುಕೊಂಡರು. ಮೇಲಧಿಕಾರಿಗೆ ಕಡತ ಕಳಿಸುವ ಅಚ್ಚುಕಟ್ಟು.

ಮನೆ ತಲುಪಿ ಕಾಫಿ ಕುಡಿಯುವಾಗ ಆ ಚೀಟಿ ಮುಂದಿಟ್ಟು ಹೇಳಿದರು: ‘ಗುಜರಿಗೆ ಯಾಕೆ ಹಾಕೋದು? ಎನ್‌ಒಸಿ ತಗೊಂಡು ಹಾಸನಕ್ಕೆ ಓಡಿಸಿಕೊಂಡು ಹೋಗಿಬಿಡೋಣ. ನನ್ನ ತಮ್ಮ ತೋಟಕ್ಕೆ ಓಡಾಡೋಕೆ ಇಟ್ಕೊಳ್ತಾನೆ.’ ಹಾಸನ ಎಂದರೆ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ಮೊದಲು ಇಲ್ಲೇ ಓಡಿಸಿ ಅಳೆಯಿರಿ, ರಿಂಗು ಹಾಕಿಸುವುದೋ ಮಾರುವುದೋ ಆ ಲೆಕ್ಕವೇ ಹೇಳಲಿ ಎಂದೆ. 

‘ಅಳೆದು, ಹಾಕಿಸಿ, ನೀವಿಬ್ಬರೂ ಓಡಿಸಿಕೊಂಡು ಬನ್ನಿ’ ಎಂದಳು ಅಕ್ಕ. ‘ನಾನು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸ್ತೀನಿ.’